ಸೀಟು ಹಿಂದಕ್ಕೆ ತಳ್ಳಿದ್ರೆ ಏರ್‌ಬ್ಯಾಗ್ ಲೈಟ್ ಹತ್ತುತ್ತೆ, ನಾನೇ ಸರಿ ಮಾಡ್ಕೋಬಹುದಾ?

ತಿಪಟೂರು ಕಡೆಯ ಓದುಗರೊಬ್ಬರ ಪ್ರಶ್ನೆ ಇದು: "ಅಣ್ಣ, ನಂದು ಸೆಕೆಂಡ್ ಹ್ಯಾಂಡ್ ಕಾರು. ನಾನು ಓಡಿಸುವಾಗ ಸೀಟು ಮುಂದೆ ಇರುತ್ತೆ, ತಮ್ಮ ಉದ್ದ ಇದಾನೆ, ಅವನು ಪೂರ್ತಿ ಹಿಂದಕ್ಕೆ ತಳ್ಕೋತಾನೆ. ಹೋದ ವಾರ ಅವನು ತಳ್ಳಿದ ಮೇಲೆ ಮೀಟರಲ್ಲಿ ಏರ್‌ಬ್ಯಾಗ್ ಲೈಟ್ ಹತ್ಕೊಂಡಿದ್ದು ಆರಿಲ್ಲ. ಸೀಟಿನ ಕೆಳಗೆ ಕೈ ಹಾಕಿ ವೈರ್ ಅಲ್ಲಾಡಿಸಿದ್ರೆ ಹೋಗುತ್ತೆ ಅಂತಾರೆ. ನಾನೇ ಮಾಡಬಹುದಾ? ಅಲ್ಲೀವರೆಗೂ ಗಾಡಿ ಓಡಿಸಬಹುದಾ?"

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಗಾಡಿ ಓಡುತ್ತದೆ, ಇಂಜಿನ್‌ಗೂ ಬ್ರೇಕ್‌ಗೂ ಇದರಿಂದ ಏನೂ ಆಗುವುದಿಲ್ಲ. ಆದರೆ ಆ ಲೈಟ್ ಹತ್ತಿರುವಷ್ಟು ದಿನ ನಿಮ್ಮ ಕಾರಿನಲ್ಲಿ ಏರ್‌ಬ್ಯಾಗೇ ಇಲ್ಲ ಅಂದುಕೊಂಡು ಓಡಿಸಿ. ಕೆಲವು ಗಾಡಿಗಳಲ್ಲಿ ಕೆಟ್ಟಿರುವ ಒಂದು ಸರ್ಕ್ಯೂಟ್ ಮಾತ್ರ ಕೈಕೊಡುತ್ತದೆ, ಕೆಲವದರಲ್ಲಿ ಎಲ್ಲಾ ಬ್ಯಾಗುಗಳೂ ಮಲಗಿಬಿಡುತ್ತವೆ. ನಿಮ್ಮದರಲ್ಲಿ ಯಾವುದು ಅಂತ ಲೈಟ್ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ಬೆಲ್ಟ್ ಹಾಕಿ, ನಿಧಾನವಾಗಿ ಹೋಗಿ, ಈ ವಾರವೇ ರಿಪೇರಿ ಮಾಡಿಸಿ.

ಇನ್ನು ನೀವೇ ಮಾಡಬಹುದಾ ಅಂದರೆ, ಅರ್ಧ ಮಾಡಬಹುದು.

ಸೀಟಿನ ಕೆಳಗೆ ಬಗ್ಗಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ಕೈ ಹಾಕಬೇಡಿ, ಸುಮ್ನೆ ನೋಡಿ. ಕಾರ್ಪೆಟ್ ಒಳಗಿಂದ ಒಂದು ವೈರಿನ ಕಟ್ಟು ಎದ್ದು ಬಂದು ಸೀಟಿನ ತಳಕ್ಕೆ ಸೇರಿರುತ್ತದೆ, ನಡುವೆ ಎರಡೂ ಕಡೆಯ ವೈರನ್ನು ಜೋಡಿಸುವ ಪ್ಲಾಸ್ಟಿಕ್ ಕಪ್ಲರ್ ಇರುತ್ತದೆ. ಹಳದಿ ಬಣ್ಣದ ಕಪ್ಲರ್ ಇದ್ದರೆ ಅದು ಏರ್‌ಬ್ಯಾಗಿನದು. ಬೇರೆ ವೈರಿನ ಜೊತೆ ಗೊತ್ತಿಲ್ಲದೆ ಕಿತ್ತುಬಿಡಬಾರದು ಅಂತಲೇ ಹೆಚ್ಚಿನ ಕಂಪನಿಗಳು ಇದಕ್ಕೆ ಹಳದಿ ಬಣ್ಣ ಇಟ್ಟಿವೆ. ಸೀಟಿನ ಬೆನ್ನಿನಲ್ಲಿ, ಬಾಗಿಲ ಕಡೆಯ ಅಂಚಿನಲ್ಲಿ ಏರ್‌ಬ್ಯಾಗ್ ಅಂತ ಬರೆದ ಪುಟ್ಟ ಚೀಟಿ ಹೊಲಿದಿದ್ದರೆ ಒಳಗೆ ಸೈಡ್ ಬ್ಯಾಗ್ ಇದೆ, ಹಳದಿ ವೈರು ಹೋಗುವುದು ಅಲ್ಲಿಗೇ. ಸೈಡ್ ಬ್ಯಾಗ್ ಇಲ್ಲದ ಗಾಡಿಯಲ್ಲೂ ಸೀಟಿನ ಕೆಳಗೆ ವೈರ್ ಇರುತ್ತದೆ, ಯಾಕೆಂದರೆ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಮುಂದಿನ ಎರಡೂ ಸೀಟಿಗೆ ಬೆಲ್ಟ್ ಹಾಕದಿದ್ದರೆ ಕೂಗುವ ವ್ಯವಸ್ಥೆ ಕಡ್ಡಾಯವಾಯಿತು. ಬೆಲ್ಟ್ ಸಿಕ್ಕಿಸುವ ಬಕಲ್ ಒಳಗಿನ ಸ್ವಿಚ್ಚು, ಪಕ್ಕದ ಸೀಟಿನಲ್ಲಿ ಯಾರಾದರೂ ಕೂತಿದ್ದಾರಾ ಅಂತ ನೋಡುವ ಸೆನ್ಸರು, ಇವೆಲ್ಲ ಅದೇ ದಾರಿಯಲ್ಲಿ ಹೋಗುತ್ತವೆ. ಎಷ್ಟೋ ಗಾಡಿಗಳಲ್ಲಿ ಇವು ಕೆಟ್ಟರೂ ಏರ್‌ಬ್ಯಾಗ್ ಲೈಟೇ ಹತ್ತುತ್ತದೆ.

ಈಗ ನಿಮ್ಮ ತಮ್ಮನ ವಿಷಯ. ಕಾರಿನಲ್ಲಿ ಬೇರೆ ವೈರುಗಳು ಒಂದು ಕಡೆ ಕ್ಲಿಪ್ ಹಾಕಿಸಿಕೊಂಡು ಅಲ್ಲಾಡದೆ ಕೂತಿರುತ್ತವೆ. ಸೀಟಿನ ವೈರಿಗೆ ಆ ಭಾಗ್ಯ ಇಲ್ಲ. ಸೀಟು ಹಿಂದೆ ಮುಂದೆ ಹೋದ ಹಾಗೆಲ್ಲ ಅದೂ ಎಳೆದಾಡಿಸಿಕೊಳ್ಳಬೇಕು, ಮೇಲಿಂದ ಧೂಳು, ನೀರು, ಕಡಲೆಕಾಯಿ ಸಿಪ್ಪೆ, ಮಕ್ಕಳು ಬೀಳಿಸಿದ ಚಾಕಲೇಟು, ಎಲ್ಲಾ ಅದರ ತಲೆ ಮೇಲೇ. ಏರ್‌ಬ್ಯಾಗಿನ ಕಂಪ್ಯೂಟರ್ ಗಾಡಿ ಆನ್ ಇರುವಷ್ಟು ಹೊತ್ತೂ ಒಂದು ಅತಿ ಸಣ್ಣ ಕರೆಂಟು ಕಳಿಸಿ ಪ್ರತಿ ಬ್ಯಾಗನ್ನೂ "ಇದ್ದೀಯಾ?" ಅಂತ ಕೇಳುತ್ತಲೇ ಇರುತ್ತದೆ. ಬ್ಯಾಗ್ ಸಿಡಿಸುವ ಕಡ್ಡಿಯ ರೆಸಿಸ್ಟೆನ್ಸ್ ಸುಮಾರು 2 ಓಮ್, ಅಷ್ಟೇ. ಪಿನ್ನಿನಲ್ಲಿ ಸ್ವಲ್ಪ ಕಿಲುಬು ಹಿಡಿದು ಅಥವಾ ಲೂಸಾಗಿ ಇನ್ನೊಂದೆರಡು ಓಮ್ ಸೇರಿಕೊಂಡರೆ ಸಾಕು, ಅದಕ್ಕೆ ಲೆಕ್ಕ ತಪ್ಪುತ್ತದೆ. ಇದೇ ಕಿಲುಬು ಹೆಡ್‌ಲೈಟಿನ ವೈರಿನಲ್ಲಿ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ನನ್ನ ಗಾಡಿಯಲ್ಲೇ ಆಗಿದ್ದು ಹೇಳುತ್ತೇನೆ. ಗುಬ್ಬಿ ಹತ್ತಿರ ಅತ್ತೆಮನೆ ತೋಟದಿಂದ ಬರುವಾಗ ನಮ್ಮ ಮನೆಯವರು ಎರಡು ಲೀಟರ್ ಬಾಟಲಿ ತುಂಬಾ ಎಳನೀರು ತುಂಬಿಸಿಕೊಂಡು ಕಾಲ ಹತ್ತಿರ ಇಟ್ಟಿದ್ದರು. ಮುಚ್ಚಳ ಸರಿಯಾಗಿ ಬಿಗಿದಿರಲಿಲ್ಲ. ಒಂದು ಹಂಪ್ ಹಾರಿಸಿದ್ದೇ ಬಾಟಲಿ ಉರುಳಿ ಅರ್ಧ ನೀರು ಸೀಟಿನ ಕೆಳಗೆ ಹೋಯಿತು. ಬಟ್ಟೆಯಲ್ಲಿ ಒರೆಸಿದೆವು, ಮರೆತೆವು. ಎರಡು ತಿಂಗಳ ಮೇಲೆ ಬಿ.ಎಚ್. ರಸ್ತೆಯಲ್ಲಿ ಸಿಗ್ನಲ್‌ಗೆ ನಿಂತಾಗ ಲೈಟ್ ಹತ್ತಿತು. ಕಪ್ಲರ್ ಬಿಚ್ಚಿ ನೋಡಿದರೆ ಒಂದು ಪಿನ್ನಿನ ಬುಡದಲ್ಲಿ ಹಸಿರು ಕಿಲುಬು, ಸುತ್ತ ಪಾಕ ಒಣಗಿದ ಹಾಗೆ ಅಂಟು ಅಂಟು. ಎಳನೀರಿನಲ್ಲಿ ಉಪ್ಪಿನಂಶವೂ ಇದೆ, ಸಕ್ಕರೆಯೂ ಇದೆ. ಮನುಷ್ಯರಿಗೆ ಒಳ್ಳೆಯದು, ತಾಮ್ರಕ್ಕೆ ಅಲ್ಲ.

ನಿಮ್ಮ ಗಾಡಿಯ ಕೆಲಸಕ್ಕೆ ಬರೋಣ. ಮೊದಲು ಕಪ್ಲರ್ ಪೂರ್ತಿ ಕೂತಿದೆಯಾ, ವೈರು ಸೀಟಿನ ಹಳಿಗೆ ಸಿಕ್ಕಿ ಸಿಪ್ಪೆ ಸುಲಿದಿದೆಯಾ ಅಂತ ಕಣ್ಣಲ್ಲೇ ನೋಡಿ. ಸೀಟಿನ ಕೆಳಗೆ ಕೊಡೆ, ಜ್ಯಾಕು, ತೆಂಗಿನಕಾಯಿ ತುರುಕಿದ್ದರೆ ತೆಗೆಯಿರಿ (ನಗಬೇಡಿ, ನಮ್ಮ ಜಿಲ್ಲೆಯಲ್ಲಿ ಎಷ್ಟು ಕಾರಿನ ಸೀಟಿನ ಕೆಳಗೆ ತೆಂಗಿನಕಾಯಿ ಉರುಳಾಡುತ್ತಿರುತ್ತದೆ ಅಂತ ನನಗೆ ಗೊತ್ತು, ಸೀಟು ಹಿಂದಕ್ಕೆ ತಳ್ಳಿದಾಗ ಅದೇ ಹೋಗಿ ಕಪ್ಲರ್‌ಗೆ ಗುದ್ದುತ್ತದೆ). ಮುಟ್ಟುವ ಮೊದಲು ಗಾಡಿ ಆಫ್ ಮಾಡಿ, ಕೀ ಈಚೆ ತೆಗೆದು, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ಹತ್ತು ನಿಮಿಷ ಸುಮ್ಮನೆ ಕಾಯಿರಿ. ಇದನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಮಾಡಲೇಬೇಕು. ಅಪಘಾತದಲ್ಲಿ ಬ್ಯಾಟರಿಯೇ ಕಿತ್ತುಹೋದರೂ ಬ್ಯಾಗ್ ತೆರೆಯಲಿ ಅಂತ ಆ ಕಂಪ್ಯೂಟರ್ ಒಳಗೆ ಸ್ವಲ್ಪ ಕರೆಂಟು ಕೂಡಿಟ್ಟಿರುತ್ತಾರೆ, ಅದು ಇಳಿಯಬೇಕು. ಕಂಪನಿ ಪುಸ್ತಕಗಳಲ್ಲಿ ಕೆಲವು 90 ಸೆಕೆಂಡ್ ಅನ್ನುತ್ತವೆ, ಕೆಲವು 3 ನಿಮಿಷ. ಹತ್ತು ನಿಮಿಷ ಕಾದರೆ ನಮ್ಮ ಗಂಟೇನೂ ಹೋಗುವುದಿಲ್ಲ, ಒಂದು ಕಾಫಿ ಆಗುತ್ತದೆ. ಆಮೇಲೆ ಗಡಿಯಾರ, ಪವರ್ ವಿಂಡೋ ಮತ್ತೆ ಸೆಟ್ ಮಾಡಬೇಕಾಗಬಹುದು, ಅದಕ್ಕೆ ಗಾಬರಿ ಬೇಡ.

ಆಮೇಲೆ ಲಾಕ್ ಒತ್ತಿ ಕಪ್ಲರ್ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ. ಪಿನ್ನು ಹೊಳೆಯುತ್ತಿದ್ದರೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಚೆನ್ನಾಗಿ ಒಣಗಲು ಬಿಟ್ಟು, "ಟಕ್" ಅನ್ನುವವರೆಗೂ ಒತ್ತಿ ಕೂರಿಸಿ. ಪೆಟ್ರೋಲ್ ಬೇಡ, ತುಕ್ಕು ಬಿಡಿಸುವ ಎಣ್ಣೆ ಬೇಡ. ಉಪ್ಪು ಕಾಗದದಲ್ಲಿ ಉಜ್ಜುವುದಂತೂ ಬೇಡವೇ ಬೇಡ, ಎಷ್ಟೋ ಏರ್‌ಬ್ಯಾಗ್ ಪಿನ್ನುಗಳಿಗೆ ತೆಳ್ಳಗೆ ಚಿನ್ನದ ಲೇಪ ಇರುತ್ತದೆ, ಉಜ್ಜಿದರೆ ಅದು ಹೋಗಿ ಮತ್ತೆ ಬೇಗ ಕಿಲುಬು ಹಿಡಿಯುತ್ತದೆ. ನನ್ನ ಗಾಡಿಯ ಹಾಗೆ ಹಸಿರು ಕಟ್ಟಿ ಪಿನ್ನು ತಿಂದುಹೋಗಿದ್ದರೆ ಕ್ಲೀನ್ ಮಾಡಿ ಪ್ರಯೋಜನ ಇಲ್ಲ, ಕಪ್ಲರೇ ಬದಲಿಸಬೇಕು, ಅದು ನಿಮ್ಮ ಕೆಲಸ ಅಲ್ಲ.

ಒಂದು ಮಾತು ಮಾತ್ರ ಖಡಾಖಂಡಿತ. ಆ ಹಳದಿ ವೈರಿಗೆ ಮಲ್ಟಿಮೀಟರ್ ಇಡಬೇಡಿ. ಓಮ್ ಅಳೆಯುವಾಗ ಮೀಟರ್ ತನ್ನ ಬ್ಯಾಟರಿಯಿಂದಲೇ ಕರೆಂಟು ಕಳಿಸುತ್ತದೆ, ಆ ಕರೆಂಟಿಗೇ ಬ್ಯಾಗ್ ಸಿಡಿಯುವ ಅಪಾಯ ಇದೆ. ಬ್ಯಾಗ್ ತೆರೆಯುವುದು ಸುಮಾರು 30 ಮಿಲಿಸೆಕೆಂಡಿನಲ್ಲಿ, ರೆಪ್ಪೆ ಬಡಿಯುವುದಕ್ಕೂ ಮೊದಲು. ನೀವು ಆಗ ಸೀಟಿನ ಪಕ್ಕದಲ್ಲೇ ಬಗ್ಗಿರುತ್ತೀರಿ ಅಲ್ವಾ? ಟೆಸ್ಟ್ ಲ್ಯಾಂಪೂ ಬೇಡ. ಕಪ್ಲರ್ ಬಿಚ್ಚಿಟ್ಟು "ಲೈಟ್ ಏನಾಯ್ತು ನೋಡೋಣ" ಅಂತ ಕೀ ಆನ್ ಮಾಡುವುದೂ ಬೇಡ, ಕಂಪ್ಯೂಟರ್ ಇರುವ ಕೋಡ್ (ದೋಷ ಯಾವುದು ಅಂತ ಅದು ನೆನಪಿಟ್ಟುಕೊಳ್ಳುವ ನಂಬರು) ಜೊತೆಗೆ ಇನ್ನೊಂದು ಹೊಸ ಕೋಡ್ ಬರೆದುಕೊಂಡು ಕೂರುತ್ತದೆ.

ಎಲ್ಲಾ ಸರಿಯಾಗಿ ಮಾಡಿ ಬ್ಯಾಟರಿ ಹಾಕಿದ ಮೇಲೂ ಲೈಟ್ ಆರದೆ ಇರಬಹುದು. ಇಲ್ಲೇ ಜಾಸ್ತಿ ಜನ ತಲೆ ಕೆಡಿಸಿಕೊಳ್ಳುವುದು. ದೋಷ ಹೋಗಿರುತ್ತದೆ, ನೆನಪು ಹೋಗಿರುವುದಿಲ್ಲ. ಎಷ್ಟೋ ಗಾಡಿಗಳಲ್ಲಿ ಏರ್‌ಬ್ಯಾಗ್ ಕೋಡನ್ನು ಸ್ಕ್ಯಾನರ್ ಹಾಕಿಯೇ ಅಳಿಸಬೇಕು. ಆನ್‌ಲೈನಲ್ಲಿ ಐನೂರಕ್ಕೋ ಸಾವಿರಕ್ಕೋ ಸಿಗುವ, ಕಾರಿಗೆ ಸಿಕ್ಕಿಸಿ ಮೊಬೈಲ್‌ನಲ್ಲಿ ಕೋಡ್ ನೋಡುವ ಬ್ಲೂಟೂತ್ ಡಾಂಗಲ್ ಸಾಮಾನ್ಯವಾಗಿ ಇಂಜಿನ್ ಕೋಡ್ ಮಾತ್ರ ಓದುತ್ತದೆ, ಅಂದರೆ 'ಪಿ' ಅಕ್ಷರದಿಂದ ಶುರುವಾಗುವವು. ಏರ್‌ಬ್ಯಾಗಿನವು 'ಬಿ'ಯಿಂದ ಶುರು. ಅದಕ್ಕೇ ಗ್ಯಾರೇಜಿಗೆ ಹೋಗುವ ಮೊದಲು ಫೋನ್ ಮಾಡಿ "ನಿಮ್ಮ ಸ್ಕ್ಯಾನರಲ್ಲಿ ಏರ್‌ಬ್ಯಾಗ್ ಓದುತ್ತಾ?" ಅಂತ ಕೇಳಿಕೊಂಡೇ ಹೋಗಿ. ಅಳಿಸುವ ಮೊದಲು ಕೋಡ್ ಏನಿದೆ ಅಂತ ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಳ್ಳಿ. ಡ್ರೈವರ್ ಸೀಟಿನ ಸೈಡ್ ಬ್ಯಾಗಿನ ರೆಸಿಸ್ಟೆನ್ಸ್ ಜಾಸ್ತಿ ಅಂತಿದ್ದರೆ ನಿಮ್ಮ ಅನುಮಾನ ನಿಜ, ಸೀಟಿನ ಕೆಳಗೇ ಇದೆ. ಸ್ಟೀರಿಂಗ್ ಬ್ಯಾಗಿನ ಕೋಡ್ ಬಂದು, ಜೊತೆಗೆ ಹಾರನ್ನೂ ಒಮ್ಮೊಮ್ಮೆ ಕೈಕೊಡುತ್ತಿದ್ದರೆ ಸೀಟನ್ನು ಬಿಟ್ಟುಬಿಡಿ, ಅದು ಸ್ಟೀರಿಂಗ್ ಒಳಗಿನ ಸುರುಳಿ ಕೇಬಲ್ ಸಮಸ್ಯೆ. ಬ್ಯಾಟರಿ ವೀಕಾಗಿದ್ದು ವೋಲ್ಟೇಜ್ ಕೋಡ್ ಮಾತ್ರ ಬಂದಿದ್ದರೆ ಬ್ಯಾಟರಿ ಸರಿ ಮಾಡಿಸಿ, ಅಷ್ಟೇ.

ನನ್ನ ಗಾಡಿಯನ್ನು ಮೊದಲು ತೋರಿಸಿದ್ದ ಒಂದು ಕಡೆ ಹುಡುಗ ಬಗ್ಗಿಯೂ ನೋಡದೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಸಾರ್, ಕಪ್ಲರ್ ಎಲ್ಲಾ ಚೇಂಜ್ ಮಾಡ್ತಾ ಕೂತ್ರೆ ಖರ್ಚು. ಒಂದು ರೆಸಿಸ್ಟರ್ ಹಾಕ್ಬಿಡ್ತೀನಿ, ಐನೂರು ಕೊಡಿ, ಲೈಟ್ ಆಫ್." ಆಫ್ ಆಗುವುದೇನೋ ನಿಜ. ಬ್ಯಾಗಿನ ಜಾಗದಲ್ಲಿ 2 ಓಮಿನ ಒಂದು ತುಂಡು ಕೂತು ಕಂಪ್ಯೂಟರಿಗೆ "ಇದ್ದೀನಿ, ಇದ್ದೀನಿ" ಅನ್ನುತ್ತಿರುತ್ತದೆ, ಗುದ್ದಿದ ದಿನ ಕರೆಂಟು ಆ ತುಂಡಿಗೆ ಹೋಗುತ್ತದೆ, ಬ್ಯಾಗ್ ಸೀಟಿನೊಳಗೆ ಮಡಚಿಕೊಂಡೇ ಇರುತ್ತದೆ. ನಾನು ನಮಸ್ಕಾರ ಹಾಕಿ ಗಾಡಿ ತೆಗೆದುಕೊಂಡು ಬಂದೆ. ಲೈಟ್ ಹತ್ತಿರುವ ಕಾರಿಗಿಂತ ಇಂಥ ಕಾರು ಕೆಟ್ಟದ್ದು, ಯಾಕೆಂದರೆ ಮುಂದೆ ಅದನ್ನು ಕೊಳ್ಳುವವನಿಗೆ ಗೊತ್ತೇ ಆಗುವುದಿಲ್ಲ.

ನಿಮ್ಮದೂ ಸೆಕೆಂಡ್ ಹ್ಯಾಂಡ್ ಅಂದಿರಲ್ಲ, ಅದಕ್ಕೇ ಹೇಳಿದೆ. ಕಪ್ಲರ್ ಹತ್ತಿರ ಇನ್ಸುಲೇಷನ್ ಟೇಪ್ ಸುತ್ತಿದ್ದು ಕಂಡರೆ, ಒಳಗೆ ಇಂಥದ್ದೇನಾದರೂ ಇದೆಯಾ ಅಂತ ಬಲ್ಲವರ ಹತ್ತಿರ ಬಿಚ್ಚಿಸಿ ನೋಡಿ. ಇನ್ನು ಮುಂದೆ ಹಳೇ ಗಾಡಿ ನೋಡಲು ಹೋದಾಗ ಕೀ ಆನ್ ಮಾಡಿ ಮೀಟರ್ ನೋಡಿ. ಏರ್‌ಬ್ಯಾಗ್ ಲೈಟ್ ಒಂದೈದಾರು ಸೆಕೆಂಡ್ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಕೈಯಾಡಿಸಿರಬಹುದು.

ಸೀಟ್ ಕವರ್ ಹಾಕಿಸಿದ್ದೀರಾ? ಕವರ್ ಹಾಕುವವರು ಸೀಟು ಈಚೆ ತೆಗೆಯಲು ಕಪ್ಲರ್ ಕಿತ್ತು, ವಾಪಸ್ ಅರ್ಧ ಸಿಕ್ಕಿಸಿ ಕಳಿಸುವುದು ಬಹಳ ಸಾಮಾನ್ಯ. ಸೈಡ್ ಬ್ಯಾಗ್ ಇರುವ ಸೀಟಿಗೆ ಗಟ್ಟಿ ರೆಗ್ಸಿನ್ ಸುತ್ತಲೂ ಬಿಗಿದು ಹೊಲಿದರೆ ಬ್ಯಾಗ್ ಹೊರಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಆ ಬದಿಯಲ್ಲಿ ಹರಿದುಕೊಳ್ಳುವ ಹೊಲಿಗೆ ಇರುವ ಕವರ್ ಸಿಗುತ್ತದೆ, ಅದನ್ನೇ ಕೇಳಿ ಹಾಕಿಸಿ.

ಕೊನೆಗೆ ಇಲಿ. ತಿಪಟೂರು ಕಡೆ ಕೊಬ್ಬರಿ ಅಟ್ಟದ ಕೆಳಗೇ ಕಾರು ನಿಲ್ಲಿಸುವವರು ಇದ್ದಾರೆ. ಅಟ್ಟದಲ್ಲಿ ಕಾಯಿ ತಿಂಗಳುಗಟ್ಟಲೆ ಇರುತ್ತದೆ, ಇಲಿಯೂ ಅಲ್ಲೇ ಸಂಸಾರ ಹೂಡಿರುತ್ತದೆ. ಕಾರ್ಪೆಟ್ ಮೇಲೆ ಹಿಕ್ಕೆ, ವೈರಿನ ಸಿಪ್ಪೆಯ ಚೂರು ಕಂಡರೆ ಅಲ್ಲಿಗೆ ನಿಮ್ಮ ಕೆಲಸ ನಿಲ್ಲಿಸಿ. ಕಡಿದ ಏರ್‌ಬ್ಯಾಗ್ ವೈರನ್ನು ತಿರುಚಿ ಟೇಪ್ ಸುತ್ತುವುದು ರಿಪೇರಿ ಅಲ್ಲ, ಆ ತುಂಡಿನ ವೈರಿಂಗ್ ಕಿಟ್ಟೇ ಹೊಸದು ಹಾಕಿಸಬೇಕು.

ರಿಪೇರಿ ಆದಮೇಲೆ ಗ್ಯಾರೇಜಿನಿಂದ ಹೊರಡುವ ಮೊದಲು ಸೀಟನ್ನು ನಿಮ್ಮ ತಮ್ಮ ತಳ್ಳುವಷ್ಟು ಪೂರ್ತಿ ಹಿಂದಕ್ಕೆ ತಳ್ಳಿಸಿ, ಆಮೇಲೆ ಪೂರ್ತಿ ಮುಂದಕ್ಕೆ, ಹೀಗೆ ಐದಾರು ಸಲ. ವೈರು ಎಲ್ಲೂ ಬಿಗಿಯಾಗಿ ಎಳೆಯುತ್ತಿಲ್ಲ, ಹಳಿಗೆ ತಾಗುತ್ತಿಲ್ಲ ಅಂತ ಟಾರ್ಚ್ ಬಿಟ್ಟು ನೋಡಿ. ಎಳೆಯುತ್ತಿದ್ದರೆ ಕ್ಲಿಪ್ಪಿನ ಜಾಗ ತಪ್ಪಿದೆ, ಅಲ್ಲೇ ಸರಿ ಮಾಡಿಸಿಕೊಂಡು ಬನ್ನಿ, ಇಲ್ಲದಿದ್ದರೆ ತಮ್ಮ ಮುಂದಿನ ಸಲ ಕೂತಾಗ ಮತ್ತೆ ಇದೇ ಕತೆ.