ಬ್ಯಾಂಕಿನ ಇಂಜಿನಿಯರ್ ನೋಡಿ ಹೋದ್ರೆ ಮನೆ ಗಟ್ಟಿ ಅಂತನಾ?

ಪ್ರಶ್ನೆ: "ಸರ್, ದಾವಣಗೆರೆಯಲ್ಲಿ ರೆಡಿ ಮನೆ ತಗೋತಿದೀವಿ, ಹೋಮ್ ಲೋನ್‌ಗೆ ಹಾಕಿದೀವಿ. ಬ್ಯಾಂಕಿನಿಂದ ಮನೆ ನೋಡೋಕೆ ಬರ್ತಾರಂತೆ. ಅವರು ಓಕೆ ಅಂದ್ಮೇಲೆ ನಾವು ಬೇರೆ ಇಂಜಿನಿಯರ್ ಕರೆಸೋದು ಬೇಕಾ, ಸುಮ್ನೆ ದಂಡ ಅಲ್ವಾ?"

ಬೇಕು ರೀ, ಬೇಕೇ ಬೇಕು. ಇದನ್ನ ಎಷ್ಟು ಸಲ ಬರೆದ್ರೂ ಮತ್ತೆ ಅದೇ ಪ್ರಶ್ನೆ ಬರುತ್ತೆ, ಈ ಸಲ ಉದ್ದಕ್ಕೇ ಬರೀತೀನಿ, ಪೂರ್ತಿ ಓದಿ.

ಬರೋರು ಸಾಮಾನ್ಯವಾಗಿ ಬ್ಯಾಂಕಿನ ನೌಕರರೇ ಅಲ್ಲ, ಬ್ಯಾಂಕಿನ ಪ್ಯಾನಲ್‌ನಲ್ಲಿರೋ ವ್ಯಾಲ್ಯುಯರ್, ಅಂದ್ರೆ ಆಸ್ತಿಗೆ ಬೆಲೆ ಕಟ್ಟೋರು. ಬಂದು ಸೈಟಿನ ಅಳತೆ ನೋಡ್ತಾರೆ, ಕ್ರಯಪತ್ರದಲ್ಲಿರೋ ಚಕ್ಕುಬಂದಿಗೂ ನೆಲದ ಮೇಲಿರೋದಕ್ಕೂ ತಾಳೆ ಆಗುತ್ತಾ ನೋಡ್ತಾರೆ, ಪ್ಲಾನ್‌ನಲ್ಲಿ ಒಂದೇ ಫ್ಲೋರ್ ಇದ್ದು ನೀವು ಎರಡು ಎಬ್ಬಿಸಿದ್ರೆ ಬರ್ಕೋತಾರೆ, ಮುಂದಿನ ರಸ್ತೆ ಎಷ್ಟಡಿ, ಬಿಲ್ಡಿಂಗ್‌ಗೆ ಎಷ್ಟು ವಯಸ್ಸಾಗಿದೆ, ಒಳಗೆ ಯಾರಿದಾರೆ, ಮಾಲೀಕರಾ ಬಾಡಿಗೆಯವರಾ, ಇಷ್ಟೇ. ಬೆಸ್ಕಾಂ ಮೀಟರಿನ ಆರ್‌ಆರ್ ನಂಬರ್‌ದೊಂದು ಫೋಟೋ, ಮನೆ ಮುಂದೆ ನಿಂತು ಒಂದು ಸೆಲ್ಫಿ, ಪಕ್ಕದ ಮನೆ ಕಟ್ಟೆ ಮೇಲೆ ಕೂತಿರೋ ಅಜ್ಜಿ ಹತ್ರ "ಇದು ಯಾರ ಮನೆ ಅಮ್ಮಾ, ಈ ಕಡೆ ಸೈಟು ಎಷ್ಟಕ್ಕೆ ಹೋಗ್ತಿದೆ" ಅಂತ ಒಂದು ಮಾತು. ಚಹಾ ಆರೋದ್ರೊಳಗೆ ಗಾಡಿ ಹತ್ತಿರ್ತಾರೆ. ನೀವು ಕ್ರಯಪತ್ರ, ಇ-ಖಾತೆ, ಪ್ಲಾನ್, ಕಂದಾಯ ರಸೀದಿದು ಜೆರಾಕ್ಸ್ ಇಟ್ಕೊಂಡಿದ್ರೆ ಸಾಕು. ಮನೆ ಗುಡಿಸಿ ಸಾರಿಸಿ ರಂಗೋಲಿ ಹಾಕೋದೇನೂ ಬೇಡ.

ಈಗ ಆ ಹಠಮಾರಿ ನಂಬಿಕೆಗೆ ಬರೋಣ. "ಬ್ಯಾಂಕೇ ಲೋನ್ ಕೊಟ್ಟಿದೆ ಅಂದ್ರೆ ಎಲ್ಲಾ ಚೆಕ್ ಆಗಿದೆ, ಮನೆ ಪಕ್ಕಾ ಇದೆ." ಬ್ರೋಕರ್‌ಗಳು ಇದನ್ನೇ ಮಂತ್ರದ ಥರ ಹೇಳ್ತಾರೆ, ಓದಿದವರೂ ತಲೆ ಆಡಿಸ್ತಾರೆ. ಬ್ಯಾಂಕಿಗೆ ಬೇಕಾಗಿರೋದು ಒಂದೇ, ನೀವು ಕಂತು ಕಟ್ಟದೆ ಹೋದ್ರೆ ಈ ಆಸ್ತಿ ಮಾರಿ ಸಾಲ ವಸೂಲಾಗುತ್ತಾ ಅನ್ನೋದು. ಗೋಲ್ಡ್ ಲೋನ್‌ಗೆ ಬಳೆ ಇಟ್ರೆ ಚಿನ್ನ ಎಷ್ಟು ಗ್ರಾಂ ಇದೆ ನೋಡ್ತಾರೆ, ಬೆಸುಗೆ ಬಿಟ್ಟಿದೆಯಾ ಅಂತ ಯಾರಾದ್ರೂ ನೋಡ್ತಾರಾ? ಅದಕ್ಕೂ ಮೇಲೆ ಬ್ಯಾಂಕು ಪೂರ್ತಿ ಬೆಲೆ ಕೊಡೋದೇ ಇಲ್ಲ. ರಿಸರ್ವ್ ಬ್ಯಾಂಕ್ ರೂಲ್ ಪ್ರಕಾರ 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಬೆಲೆಯ 90% ತನಕ, 30ರಿಂದ 75 ಲಕ್ಷಕ್ಕೆ 80%, ಅದರ ಮೇಲೆ 75%. ವ್ಯಾಲ್ಯುಯರ್ 40 ಲಕ್ಷ ಅಂತ ಬರೆದ್ರೆ ಹೆಚ್ಚಂದ್ರೆ 32 ಲಕ್ಷ ಸಿಗುತ್ತೆ, ಉಳಿದ 8 ಲಕ್ಷ ನಿಮ್ಮದು. ನಾಳೆ ಮನೆ ಬೆಲೆ ಬಿದ್ರೆ ಮೊದಲು ಕರಗೋದು ಆ 8 ಲಕ್ಷ.

ಇನ್ನು ಅವರು ನೋಡಬೇಕು ಅಂದ್ರೂ ಏನ್ ಕಾಣುತ್ತೆ ಹೇಳಿ. ಪ್ಲಾಸ್ಟರ್ ಒಳಗಿರೋ ಕಂಬಿ ಎಷ್ಟಿಂಚಿಗೆ ಒಂದು ಹಾಕಿದಾರೆ, ಆರ್‌ಸಿಸಿಗೆ ಸರಿಯಾಗಿ ನೀರುಣಿಸಿ ಕ್ಯೂರಿಂಗ್ ಮಾಡಿದಾರಾ, ಫುಟಿಂಗ್ ಎಷ್ಟು ಆಳಕ್ಕೆ ಹೋಗಿದೆ, ಕಣ್ಣಳತೆಗೆ ಸಿಗೋ ವಿಷಯನಾ ಇವು? ನಮ್ಮ ಕಡೆ ಎರೆ ಮಣ್ಣಿರೋ ಲೇಔಟ್‌ಗಳಲ್ಲಂತೂ ಇದು ದೊಡ್ಡ ತಲೆನೋವು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತೆ, ಪಾಯ ಗಟ್ಟಿ ಮಣ್ಣಿನ ತನಕ ಹೋಗದೆ ಇದ್ರೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಶುರು. ಹೊಸ ಮನೆಗೆ ಇದು ಕಾಣಿಸ್ಕೊಳ್ಳೋಕೆ ಒಂದೆರಡು ಮಳೆಗಾಲ ಬೇಕು, ಪುಟ್ಟಿ ಪೇಂಟ್ ಹೊಡೆದಿರೋ ಮನೆಗೆ ಏಪ್ರಿಲ್‌ನಲ್ಲಿ ಬಂದು ಹೋದ ವ್ಯಾಲ್ಯುಯರ್‌ಗೆ ಹೆಂಗೆ ಗೊತ್ತಾಗಬೇಕು? ಫೀಸ್ ಕಟ್ಟೋದು ನೀವು, ರಿಪೋರ್ಟ್ ಹೋಗೋದು ಬ್ಯಾಂಕಿಗೆ. ಬ್ಯಾಂಕಿನ ಲಾಯರ್ ಕೊಡೋ ಲೀಗಲ್ ಒಪಿನಿಯನ್‌ದೂ ಇದೇ ಕಥೆ.

"ನಾವು ಕಟ್ಟಿಸ್ತಿದೀವಲ್ಲ, ಪಾಯ, ಲಿಂಟಲ್, ಮೋಲ್ಡ್ ಅಂತ ಪ್ರತಿ ಸ್ಟೇಜಿಗೂ ಬರ್ತಾರಲ್ಲ" ಅಂತೀರಾ? ಬರ್ತಾರೆ, ಎಷ್ಟು ಕೆಲಸ ಆಗಿದೆಯೋ ಅಷ್ಟಕ್ಕೆ ದುಡ್ಡು ಬಿಡೋಕೆ. ಮೋಲ್ಡ್ ಬಿದ್ದಿದೆಯಾ, ಬಿದ್ದಿದೆ, ಫೋಟೋ, ಮುಂದಿನ ಕಂತು. ಕಂಬಿ ಕಟ್ಟುವಾಗ ನಿಂತು ನೋಡ್ಬೇಕಾದೋರು ನಿಮ್ಮ ಇಂಜಿನಿಯರ್ರೇ.

ಅದ್ಕೆ ಅಡ್ವಾನ್ಸ್ ಕೊಡೋಕೆ ಮುಂಚೆ ನಿಮ್ಮ ಕಡೆಯ ಸಿವಿಲ್ ಇಂಜಿನಿಯರ್ ಒಬ್ಬರನ್ನ ಕರ್ಕೊಂಡೋಗಿ, ಸಾಧ್ಯ ಆದ್ರೆ ಜೋರು ಮಳೆ ಬಂದ ಮಾರನೇ ದಿನ ಹೋಗಿ, ಟೆರೇಸ್ ಹತ್ತಿ ನೀರು ಎಲ್ಲಿ ನಿಂತಿದೆ ನೋಡಿ, ಅದೇ ಸಾಲಲ್ಲಿ ಅದೇ ಬಿಲ್ಡರ್ ಕಟ್ಟಿರೋ ಹಳೇ ಮನೆಯವರನ್ನ ವಿಚಾರಿಸಿ.

ಲೋನ್ ಆದ್ಮೇಲೆ ಪದೇ ಪದೇ ಬರ್ತಾರಾ ಅಂತ ಭಯ ಬೇಡ. ಕಂತು ಸರಿಯಾಗಿ ಹೋಗ್ತಿದ್ರೆ ಸಾಮಾನ್ಯವಾಗಿ ಯಾರೂ ತಲೆ ಹಾಕಲ್ಲ, ಟಾಪ್‌ಅಪ್ (ಅದೇ ಲೋನ್ ಮೇಲೆ ಇನ್ನಷ್ಟು ಸಾಲ) ಕೇಳಿದ್ರೆ ಮತ್ತೆ ವ್ಯಾಲ್ಯುಯೇಶನ್ ಇರುತ್ತೆ. 90 ದಿನ ಮೀರಿ ಬಾಕಿ ಉಳಿದ್ರೆ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ ಅಂತ ಬರ್ಕೋತಾರೆ, ಆಮೇಲೆ ಸರ್ಫೇಸಿ ಕಾಯ್ದೆಯಲ್ಲಿ (ಅಡ ಇಟ್ಟ ಆಸ್ತಿ ಬ್ಯಾಂಕು ವಶಕ್ಕೆ ತಗೊಂಡು ಮಾರೋ ಕಾಯ್ದೆ) 60 ದಿನದ ನೋಟಿಸ್, ಆಗ ಬರೋರು ಟೇಪ್ ಹಿಡ್ಕೊಂಡು ಬರಲ್ಲ.

ಯಾರೂ ಕೇಳಿಲ್ಲ, ಆದ್ರೂ ಹೇಳಿಬಿಡ್ತೀನಿ. ಸಾಲ ತೀರಿದ್ಮೇಲೆ ಜನ ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನೋ ಪತ್ರ) ಇಸ್ಕೊಂಡು ಸ್ವೀಟ್ ಹಂಚಿ ಮನೆಗೆ ಬಂದ್ಬಿಡ್ತಾರೆ. ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ, ಅದೇ ವರ್ಷ ಡಿಸೆಂಬರ್ 1ರಿಂದ, ಪೂರ್ತಿ ಕಟ್ಟಿದ 30 ದಿನದೊಳಗೆ ಒರಿಜಿನಲ್ ಪತ್ರ ಎಲ್ಲಾ ವಾಪಸ್ ಕೊಡಬೇಕು, ತಪ್ಪು ಬ್ಯಾಂಕಿಂದಾಗಿ ತಡ ಆದ್ರೆ ದಿನಕ್ಕೆ 5,000 ರೂಪಾಯಿ ನಿಮಗೆ. ಪತ್ರ ಕೈಗೆ ಬಂತು ಅಂತ ಸುಮ್ನಿರಬೇಡಿ, ಲೋನ್ ತಗೊಳ್ಳುವಾಗ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಎಂಒಡಿ (ಮನೆ ಪತ್ರ ಬ್ಯಾಂಕಿಗೆ ಅಡ ಇಟ್ಟಿರೋ ದಾಖಲೆ) ರಿಜಿಸ್ಟರ್ ಆಗಿದ್ರೆ ಅದನ್ನ ಅಲ್ಲೇ ತೀರುವಳಿ ಮಾಡಿಸಿ, ಹೊಸ ಇಸಿ (ಋಣಭಾರ ಪತ್ರ) ತೆಗೆಸಿ ನೋಡಿ. ಇಲ್ದಿದ್ರೆ ಮಗಳ ಮದುವೆಗೆ ಮನೆ ಮಾರೋಕೆ ಹೋದಾಗ ಇಸಿಯಲ್ಲಿ ಬ್ಯಾಂಕಿನ ಹೆಸರು ಹಂಗೇ ಕೂತಿರುತ್ತೆ.