ತಲೆಗೆ ಪೆಟ್ಟು ಬಿದ್ದವರ ಹೃದಯವನ್ನೂ ಏಕೆ ಓದಬೇಕು?

ತಲೆಗೆ ಭಾರಿ ಪೆಟ್ಟು ಬಿದ್ದ ರೋಗಿ ಉಳಿಯುವ ಸಾಧ್ಯತೆ ಅಂದಾಜಿಸುವಾಗ ವೈದ್ಯರು ಮೊದಲು ಕೇಳುವುದು ಮೂರು ಪ್ರಶ್ನೆ. ವಯಸ್ಸೆಷ್ಟು? ಬೆಳಕು ಬಿಟ್ಟರೆ ಕಣ್ಣಿನ ಪಾಪೆ ಕಿರಿದಾಗುತ್ತದೆಯೇ? ನೋವು ಕೊಟ್ಟರೆ ಕೈಕಾಲು ಹೇಗೆ ಆಡುತ್ತವೆ? 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ, ರೋಗಿಗೆ ಎಷ್ಟು ಎಚ್ಚರವಿದೆ ಎಂದು ಅಳೆಯುವ ಗ್ಲಾಸ್ಗೋ ಅಳತೆಯಲ್ಲಿ 3ರಿಂದ 15ರವರೆಗೆ ಅಂಕಗಳಿವೆ; 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಗಾಯ ತೀವ್ರ. ಸಾವಿನ ಅಪಾಯವನ್ನು ಶೇಕಡಾವಾರು ಹೇಳುವ ಇಂಪ್ಯಾಕ್ಟ್ ಮತ್ತು ಕ್ರ್ಯಾಶ್ ಸೂತ್ರಗಳು (ಎರಡೂ 2008ರವು) ನಿಂತಿರುವುದೂ ಇಂಥ ಮಾಹಿತಿಯ ಮೇಲೆಯೇ. ಹೃದಯ ಮತ್ತು ರಕ್ತಸಂಚಾರದ ಬಗ್ಗೆ ಅವು ಕೇಳುವುದು ತೀರ ಕಡಿಮೆ: ಇಂಪ್ಯಾಕ್ಟ್‌ನ ವಿಸ್ತೃತ ರೂಪ 'ಬಿಪಿ ಕುಸಿದಿತ್ತೇ?' ಎಂದು ಕೇಳಿ ಸುಮ್ಮನಾಗುತ್ತದೆ.

ಆ ಒಂದು ಪ್ರಶ್ನೆಯ ತೂಕ ಮಾತ್ರ ದೊಡ್ಡದು. ತಲೆಬುರುಡೆ ಹಿಗ್ಗುವುದಿಲ್ಲ. ಒಳಗೆ ಊತವೋ ರಕ್ತಸ್ರಾವವೋ ಆದರೆ ಒತ್ತಡ ಏರುತ್ತದೆ, ಹೃದಯ ಅದನ್ನು ಮೀರಿ ರಕ್ತ ನೂಕಬೇಕು. ಬಿಪಿ 120/75 ಇದೆ ಎನ್ನಿ. ಕೆಳಗಿನ ಅಂಕಿಗೆ ಎರಡರ ವ್ಯತ್ಯಾಸದ ಮೂರನೇ ಒಂದು ಭಾಗ ಸೇರಿಸಿದರೆ ಸರಾಸರಿ 90. ಬುರುಡೆಯೊಳಗಿನ ಒತ್ತಡ 25 ಇದ್ದರೆ ಮಿದುಳಿಗೆ ಸಿಗುವ ನೂಕುಬಲ 65. ಬೇಕಾದದ್ದು 60ರಿಂದ 70. ಅದೇ ರೋಗಿಯ ಬಿಪಿ 88/52ಕ್ಕೆ ಇಳಿದರೆ ಸರಾಸರಿ 64, ನೂಕುಬಲ ಬರೀ 39. ಆರೋಗ್ಯವಂತರು ಸ್ವಲ್ಪ ಹೊತ್ತು ತಾಳಿಕೊಳ್ಳಬಹುದಾದ ಬಿಪಿ, ಊದಿಕೊಂಡ ಮಿದುಳಿಗೆ ಉಸಿರುಗಟ್ಟಿಸಿದ ಹಾಗೆ. ಮೇಲಿನ ಬಿಪಿ ಒಮ್ಮೆ 90ಕ್ಕಿಂತ ಕೆಳಗಿಳಿದವರಲ್ಲೂ ಸಾವು ಸುಮಾರು ಇಮ್ಮಡಿ ಎಂದು 1993ರಲ್ಲೇ ಕಂಡುಬಂದಿತ್ತು.

ಇನ್ನೊಂದು ದಿಕ್ಕಿನಿಂದಲೂ ಹೊಡೆತ ಬೀಳುತ್ತದೆ. ಪೆಟ್ಟು ತಿಂದ ಮಿದುಳು ಅಡ್ರಿನಲಿನ್ ಜಾತಿಯ ರಾಸಾಯನಿಕಗಳನ್ನು ಒಮ್ಮೆಲೇ ಹರಿಸಿಬಿಡುತ್ತದೆ. ಆ ಪ್ರವಾಹಕ್ಕೆ ಹೃದಯದ ಸ್ನಾಯು ಮಂಕಾಗಿ, ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಹೃದಯದ ಗೋಡೆಯ ಒಂದು ಭಾಗ ಸರಿಯಾಗಿ ಆಡದಿರುವುದು ಕಾಣಬಹುದು; ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಗಾಯವಾದಾಗ ಸೋರುವ ಪ್ರೋಟೀನ್) ಏರಬಹುದು. ಟ್ರೋಪೋನಿನ್ ಏರಿದವರಲ್ಲಿ ಸಾವಿನ ಪ್ರಮಾಣವೂ ಹೆಚ್ಚು. ಆದರೆ ಇದನ್ನು ಮಾಮೂಲಿ ಹೃದಯಾಘಾತವೆಂದು ಭಾವಿಸಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮದ್ದು ಕೊಟ್ಟರೆ, ಮಿದುಳಿನ ರಕ್ತಸ್ರಾವ ಹೆಚ್ಚೀತು. ಎಷ್ಟೋ ಸಲ ರಕ್ತನಾಳದಲ್ಲಿ ಅಡ್ಡಿಯೇ ಇರುವುದಿಲ್ಲ.

ಇಸಿಜಿಯಲ್ಲಿ ಕ್ಯೂಟಿ ಅಂತರದ ಕಥೆ ಇನ್ನೂ ನಾಜೂಕು. ಪ್ರತಿ ಬಡಿತದಲ್ಲಿ ಹೃದಯದ ಕೆಳಕೋಣೆಗಳು ವಿದ್ಯುತ್ತಿನಿಂದ ಚುರುಕಾಗಿ ಮತ್ತೆ ಸಹಜಕ್ಕೆ ಮರಳಲು ಹಿಡಿಯುವ ಸಮಯ ಅದು. ನಿಮಿಷಕ್ಕೆ 60 ಬಡಿತವಿದ್ದಾಗ 400 ಮಿಲಿಸೆಕೆಂಡ್ ಸಹಜ. 100 ಬಡಿತವಿರುವಾಗಲೂ ಅಷ್ಟೇ ಇದ್ದರೆ, ಬಡಿತಕ್ಕೆ ಹೊಂದಿಸಿದ ಅಂಕಿ ಬ್ಯಾಜೆಟ್ ಸೂತ್ರದಲ್ಲಿ ಸುಮಾರು 516, ಫ್ರಿಡೆರಿಸಿಯಾ ಸೂತ್ರದಲ್ಲಿ ಸುಮಾರು 474. ಒಂದರ ಪ್ರಕಾರ ರೋಗಿ 500ರ ಅಪಾಯದ ಗೆರೆ ದಾಟಿದ್ದಾನೆ, ಇನ್ನೊಂದರ ಪ್ರಕಾರ ಇಲ್ಲ! ಬಡಿತ ಜೋರಾದಷ್ಟೂ ಬ್ಯಾಜೆಟ್ ಸೂತ್ರ ಅಂಕಿಯನ್ನು ಉಬ್ಬಿಸುತ್ತದೆ. ಯಾವ ಸೂತ್ರ ಬಳಸಿದರೆಂದು ಬರೆದಿಡದ ದಾಖಲೆಗಳನ್ನು ಬೆರೆಸಿ ಕಟ್ಟಿದ ಮುನ್ಸೂಚನೆಯನ್ನು ನಂಬುವುದು ಕಷ್ಟ. ಮಿದುಳಿನ ಊತ ಇಳಿಸಲು ಮ್ಯಾನಿಟಾಲ್ ಕೊಟ್ಟಾಗ ಮೂತ್ರದೊಂದಿಗೆ ಪೊಟ್ಯಾಸಿಯಂ ಹೋದರೂ ಕ್ಯೂಟಿ ಉದ್ದವಾಗುತ್ತದೆ. ಅದು ತಿದ್ದಬಹುದಾದ ದೋಷ.

ಹಳೆಯ ಹೃದ್ರೋಗಕ್ಕೆ ನುಂಗುತ್ತಿದ್ದ ಮಾತ್ರೆಗಳೂ ಲೆಕ್ಕ ಕೆಡಿಸುತ್ತವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ರಕ್ತಸ್ರಾವ ಬೆಳೆಸುತ್ತದೆ. ಬೀಟಾ ಬ್ಲಾಕರ್ ನಾಡಿಯನ್ನು ಹಿಡಿದಿಡುವುದರಿಂದ, ಒಳಗೆ ರಕ್ತ ಸೋರುತ್ತಿದ್ದರೂ ಬಡಿತ 80 ತೋರಿಸಿ ಮೋಸ ಮಾಡೀತು. ನಾಡಿ ನಿಧಾನವಾಗಿ ಬಿಪಿ ಏರುತ್ತಿದ್ದರೆ ಸಮಾಧಾನಪಡುವಂತಿಲ್ಲ. ಉಸಿರೂ ತಾಳ ತಪ್ಪಿದರೆ ಮಿದುಳು ಕೆಳಕ್ಕೆ ಜಾರುತ್ತಿರಬಹುದು.

ಹೃದಯದ ಅಂಕಿಗಳನ್ನು ಸೇರಿಸಿದರೆ ಮುನ್ಸೂಚನೆ ಚೂಪಾಗುತ್ತದೆಯೇ? ಆಗಬಹುದು, ಆದರೆ ವಯಸ್ಸು ಮತ್ತು ಪಾಪೆ ಆಗಲೇ ಹೇಳಿದ್ದಕ್ಕಿಂತ ಹೊಸದೇನನ್ನು ಹೇಳಿದವು ಎಂಬುದನ್ನು ಬೇರೆ ಆಸ್ಪತ್ರೆಯ ರೋಗಿಗಳ ಮೇಲೆ ಪರೀಕ್ಷಿಸಬೇಕು. 'ಶೇ. 70 ಅಪಾಯ' ಎಂದರೆ ಇಂಥ ನೂರು ಜನರಲ್ಲಿ ಸುಮಾರು ಎಪ್ಪತ್ತು ಮಂದಿ ಸಾಯಬಹುದು ಎಂದಷ್ಟೇ. ಈ ಹಾಸಿಗೆಯಲ್ಲಿರುವವರು ಯಾವ ಗುಂಪಿನವರೆಂದು ಸೂತ್ರಕ್ಕೆ ತಿಳಿಯದು. ಆ ಅಂಕಿ ನೋಡಿ ಬೇಗನೆ ಚಿಕಿತ್ಸೆ ನಿಲ್ಲಿಸಿದರೆ ರೋಗಿ ಸಾಯುತ್ತಾನೆ, ದಾಖಲೆಯಲ್ಲಿ ಮುನ್ಸೂಚನೆ ನಿಜವಾಯಿತೆಂದೇ ಉಳಿಯುತ್ತದೆ, ಮುಂದಿನ ಸೂತ್ರ ಆ ದಾಖಲೆಯಿಂದಲೇ ಕಲಿಯುತ್ತದೆ.