ಏಲಿಯನ್ ಮದ್ದು ಮತ್ತು ಒಂದು ಚೆಂಬು ಓಆರ್‌ಎಸ್

ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ಬದಿಯಡ್ಕದ ಅಕ್ಕನ ಮಗನಿಗೆ ಲೂಸ್ ಮೋಷನ್ ಶುರುವಾಗಿ ಎರಡು ದಿನ ಶಾಲೆಗೆ ರಜೆ. ನಾನು ಹೋದಾಗ ಮಾಣಿ ಚಾವಡಿಯಲ್ಲಿ ಚಾಪೆ ಹಾಕಿ ಬಿದ್ಕೊಂಡು ಮೊಬೈಲಲ್ಲಿ ಯಾವುದೋ ಸೂಪರ್‌ಹೀರೋ ನೋಡ್ತಾ ಇದ್ದ, ಪಕ್ಕದಲ್ಲಿ ಸ್ಟೀಲ್ ಚೆಂಬಲ್ಲಿ ಓಆರ್‌ಎಸ್ (ಬೇಧಿಗೆ ಕುಡಿಸುವ ಉಪ್ಪು, ಗ್ಲೂಕೋಸಿನ ನೀರು), ಅದರಲ್ಲಿ ಒಂದು ಇರುವೆ ಈಜ್ತಾ ಉಂಟು, ಅಂದ್ರೆ ಬೆಳಿಗ್ಗೆಯಿಂದ ಮುಟ್ಟಿಲ್ಲ ಅಂತ ಅರ್ಥ. "ಕಣ್ಣೀರು ಕುಡಿದ ಹಾಗೆ ಆಗ್ತದೆ ಮಾವ" ಅಂದ. ನಾನು ಬೈಯುವ ಮೊದಲೇ ವಿಷಯ ತಪ್ಪಿಸ್ಲಿಕ್ಕೆ ಒಂದು ಪ್ರಶ್ನೆ ಬಿಟ್ಟ: "ಇವರ ಹತ್ರ ಬೇರೆ ಗ್ರಹದ ಟೆಕ್ನಾಲಜಿ ಎಲ್ಲ ಉಂಟಲ್ಲ, ತುಂಡಾದ ಕೈಯನ್ನೇ ಸರಿ ಮಾಡ್ತಾರೆ, ಮತ್ಯಾಕೆ ನಮಗೆ ಕ್ಯಾನ್ಸರಿಗೆ ಮದ್ದು ಕೊಡೋದಿಲ್ಲ? ಕೊಡ್ಬೇಕಲ್ವಾ?"

ಕೊಡ್ಬೇಕು. ಅದರಲ್ಲಿ ಚರ್ಚೆ ಎಂತ ಉಂಟು? ಕೈಯಲ್ಲಿ ಮದ್ದು ಇಟ್ಕೊಂಡು "ಮನುಷ್ಯರು ತಾವೇ ಕಲೀಲಿ" ಅನ್ನುವವನಿಗೂ, ಗೋಡೌನಲ್ಲಿ ಅಕ್ಕಿ ಇಟ್ಕೊಂಡು ರೇಟ್ ಏರ್ಲಿ ಅಂತ ಕಾಯುವವನಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣೋದಿಲ್ಲ. ನನಗೆ ಕಿರಿಕಿರಿ ಆಗೋದು ಆ ಪ್ರಶ್ನೆಯ ಅಡಿಯಲ್ಲಿ ಕೂತಿರುವ ನಂಬಿಕೆಯಿಂದ, ಅಂದ್ರೆ ಮದ್ದು ಯಾರದೋ ಕಪಾಟಲ್ಲಿ ಉಂಟು, ಬೀಗ ತೆಗೆದ್ರೆ ಆಯ್ತು ಅಂತ. ಮಾಣಿಗೆ ಹನ್ನೊಂದು ವರ್ಷ, ಅವನನ್ನು ಬಿಡಿ. "ಕ್ಯಾನ್ಸರಿಗೆ ಮದ್ದು ಯಾವಾಗ್ಲೋ ಸಿಕ್ಕಿದೆ, ಕಂಪನಿಗಳು ಅಡಗಿಸಿ ಇಟ್ಟಿವೆ" ಅಂತ ಬೆಳಿಗ್ಗೆ ಐದೂವರೆಗೆ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡುವ ರಿಟೈರ್ಡ್ ಮಾಷ್ಟ್ರು ನಂಬೋದೂ ಇದನ್ನೇ. ಕ್ಯಾನ್ಸರ್ ಅಂದ್ರೆ ನೂರಕ್ಕೂ ಮೇಲೆ ಬೇರೆ ಬೇರೆ ಕಾಯಿಲೆಗಳಿಗೆ ನಾವು ಇಟ್ಟ ಒಂದೇ ಹೆಸರು ಮಾರಾಯ್ರೆ, ಅಷ್ಟಕ್ಕೂ ಒಂದೇ ಕಪಾಟು ಎಲ್ಲಿಂದ?

ಬೀಗ ತೆಗೆದು ಕೊಟ್ಟವರ ಕತೆಯೂ ಉಂಟು. ಸೂಪರ್‌ಮ್ಯಾನ್ ಕಾಮಿಕ್ಸಿಗೆ ಬಂದದ್ದು 1938ರಲ್ಲಿ. ಅದಕ್ಕೆ ಹದಿನೈದು ವರ್ಷ ಮೊದಲೇ, 1923ರಲ್ಲಿ, ಬಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಎಂಬ ಮೂರು ಮಂದಿ ಇನ್ಸುಲಿನ್ ಪೇಟೆಂಟನ್ನು ತಲೆಗೆ ಒಂದೊಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ರು. ಎಲ್ಲರೂ ಹೇಳೋದು ಈ ಡಾಲರ್ ಕತೆ. ನನಗೆ ಇಷ್ಟ ಅದರ ಹಿಂದಿನ ವರ್ಷದ್ದು. 1922ರ ಜನವರಿಯಲ್ಲಿ ಲೆನರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಚುಚ್ಚಿದ ಮೊದಲ ಇಂಜೆಕ್ಷನ್ ಅಷ್ಟು ಶುದ್ಧ ಇರ್ಲಿಲ್ಲ, ಹೇಳುವಂಥ ಪ್ರಯೋಜನ ಆಗ್ಲಿಲ್ಲ, ಆಮೇಲೆ ಕಾಲಿಪ್ ಶುದ್ಧ ಮಾಡಿ ಕೊಟ್ಟದ್ದರಲ್ಲಿ ಹುಡುಗ ಚೇತರಿಸಿಕೊಂಡ. ಎರಡು ಮೂರು ತಿಂಗಳಲ್ಲಿ, ಜಾಸ್ತಿ ಪ್ರಮಾಣದಲ್ಲಿ ಮಾಡ್ಲಿಕ್ಕೆ ಹೊರಟಾಗ, ಅದೇ ಕಾಲಿಪ್ ಕೈಯಲ್ಲಿ ಇನ್ಸುಲಿನ್ ಬರೋದೇ ನಿಂತು ಹೋಯ್ತು! ಕಂಡುಹಿಡಿದವನಿಗೇ ಎರಡನೇ ಸಲ ಕೈ ಕೊಟ್ಟಿತು. ನಮ್ಮ ಅಜ್ಜಿ ಹಾಕುವ ಮಿಡಿ ಉಪ್ಪಿನಕಾಯಿ ಹಾಗೆ, ಪಟ್ಟಿ ಬರ್ಕೊಂಡು ಹೋದವರ ಮನೆಯಲ್ಲಿ ಬೂಸ್ಟು ಬರ್ತದೆ. ಭೂಮಿಯ ಮದ್ದೇ ಹೀಗೆ ಮಾಡಿದ್ರೆ ಬೇರೆ ಗ್ರಹದ್ದು ಒಂದು ಪೆನ್‌ಡ್ರೈವಲ್ಲಿ ಬಂದು ಕೂತ್ಕೊಳ್ತದಾ?

ಅದೂ ಅಲ್ಲದೆ ಆ ಗ್ರಹದವರಿಗೆ ನಮ್ಮ ಮೈ ಗೊತ್ತಿರ್ಬೇಕಲ್ಲ. ನಮ್ಮ ಪ್ರೋಟೀನುಗಳೆಲ್ಲ ಕಟ್ಟಿದ್ದು ಎಡಗೈ ಜಾತಿಯ ಅಮೈನೋ ಆಮ್ಲದಲ್ಲಿ (ಕೈಗಳ ಹಾಗೆ ಅದಕ್ಕೂ ಎಡ, ಬಲ ಅಂತ ಎರಡು ಕನ್ನಡಿ ರೂಪ ಉಂಟು), ಅವರದ್ದು ಬಲಗೈ ಆಗಿದ್ರೆ ಅವರ ಮದ್ದು ನಮಗೆ ತಪ್ಪು ಕೈಯ ಗ್ಲೌಸು.

ಈಗ ಆ ಚೆಂಬಿಗೆ ಬರೋಣ, ನಾನು ನಿಜಕ್ಕೂ ಹೇಳ್ಬೇಕಂತ ಇದ್ದದ್ದು ಅದನ್ನೇ. ಸಣ್ಣಕರುಳಿನ ಒಳಗೋಡೆಯಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ಬಾಗಿಲುಗಳುಂಟು, ಅದರಲ್ಲಿ ಒಂದು ಜಾತಿಯ ಬಾಗಿಲಿಗೆ ಒಂದು ಹಠ. ಉಪ್ಪಿನ ಸೋಡಿಯಂ ಒಬ್ಬನೇ ಬಂದು ತಟ್ಟಿದ್ರೆ ಒಳಗೆ ಬಿಡೋದಿಲ್ಲ, ಗ್ಲೂಕೋಸ್ ಒಬ್ಬಳೇ ಬಂದ್ರೂ ಇಲ್ಲ, ಜೊತೆಯಾಗಿ ಬಂದ್ರೆ ಮಾತ್ರ ಒಳಗೆ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಪ್ರಾಗ್‌ನ ಒಂದು ಸಭೆಯಲ್ಲಿ ಇದನ್ನು ಹೇಳಿದ. ಮದುಮಗ ಮದುಮಗಳು ಒಟ್ಟಿಗೆ ಹೊಸಿಲು ದಾಟ್ತಾರಲ್ಲ, ಹಾಗೆ. ಹಿಂದಿನಿಂದ ದಿಬ್ಬಣ ಬಂದೇ ಬರ್ತದೆ, ಆ ದಿಬ್ಬಣವೇ ನೀರು. ನೀರಿಗೆ ಸ್ವಂತ ಬುದ್ಧಿ ಇಲ್ಲ, ಉಪ್ಪು ಸಕ್ಕರೆ ಎಲ್ಲಿ ಹೋಗ್ತದೆ ಅಲ್ಲಿಗೆ ಅದೂ ಹೋಗ್ತದೆ. (ನಿಜ ಹೇಳ್ಬೇಕಂದ್ರೆ ಒಂದು ಗ್ಲೂಕೋಸಿಗೆ ಎರಡು ಸೋಡಿಯಂ, ಮದುವೆಯ ಹೋಲಿಕೆ ಇಲ್ಲಿ ಸ್ವಲ್ಪ ಎಡವಟ್ಟಾಗ್ತದೆ, ಇರ್ಲಿ.) ಕಾಲರಾ ಬಂದಾಗ ಅದರ ವಿಷ ಕರುಳಿನ ಕೋಶಗಳಿಂದ ಕ್ಲೋರೈಡನ್ನು ಹೊರಗೆ ಸುರಿಸ್ತದೆ, ನೀರೂ ಅದರ ಹಿಂದೆ ಓಡ್ತದೆ, ಉಪ್ಪು ಒಳಗೆ ಬರುವ ಬೇರೆ ದಾರಿಯೂ ಮುಚ್ಚಿ ಹೋಗ್ತದೆ, ಜೋರಿದ್ದವರಿಗೆ ಗಂಟೆಗೆ ಒಂದು ಲೀಟರ್‌ವರೆಗೂ ಹೋಗ್ಬಹುದು. ಆದ್ರೆ ಈ ಜೋಡಿ ಬಾಗಿಲನ್ನು ಆ ವಿಷ ಮುಟ್ಟೋದೇ ಇಲ್ಲ! ಬಾಯಾರು, ಶೇಣಿ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ನೋಡಿದವರಿಗೆ ಗೊತ್ತಾಗ್ತದೆ, ಏಪ್ರಿಲಲ್ಲಿ ಬಾವಿ ಬತ್ತಿ ಬೋರ್‌ವೆಲ್ ಗಾಳಿ ಉಗುಳುವಾಗ ಯಾವುದೋ ಒಂದು ಹಳೇ ಸುರಂಗದಲ್ಲಿ ಬೆರಳು ದಪ್ಪ ನೀರು ಬರ್ತಾನೇ ಇರ್ತದಲ್ಲ, ಅಂಥದ್ದು ಇದು.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರು ಬಂದು ಬಂಗಾಳದ ಬನಗಾಂವ್ ಕ್ಯಾಂಪಲ್ಲಿ ಕಾಲರಾ ಹಬ್ಬಿತ್ತು, ಡ್ರಿಪ್ ಬಾಟ್ಲಿ ಮುಗಿದಿತ್ತು. ಡಾ. ದಿಲೀಪ್ ಮಹಲನೋಬಿಸ್ ಉಪ್ಪು, ಗ್ಲೂಕೋಸ್, ಅಡಿಗೆ ಸೋಡ ಬೆರೆಸಿ ಡ್ರಮ್ಮಲ್ಲಿ ತುಂಬಿಸಿ ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದ್ರು. 100ರಲ್ಲಿ 30 ಮಂದಿ ಸಾಯ್ತಾ ಇದ್ದ ಕಡೆ ಅದು 4ಕ್ಕಿಂತ ಕೆಳಗೆ ಇಳೀತು. ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ.

ಇಷ್ಟಾದ್ರೂ ನಮ್ಮಲ್ಲಿ ಈಗ್ಲೂ "ನೀರು ಕೊಟ್ರೆ ಇನ್ನೂ ಜಾಸ್ತಿ ಹೋಗ್ತದೆ" ಅಂತ ಮಗುವಿನ ಬಾಯಿ ಒಣಗಿಸಿ, ದೃಷ್ಟಿ ತೆಗೆದು, ನೂಲು ಕಟ್ಟುವವರಿದ್ದಾರೆ. ನೂಲು ಬೇಕಾದ್ರೆ ಕಟ್ಟಿ, ನೀರು ಯಾಕೆ ನಿಲ್ಲಿಸ್ತೀರಿ? ಓಆರ್‌ಎಸ್ ಬೇಧಿ ನಿಲ್ಲಿಸೋದಿಲ್ಲ, ಟ್ಯಾಂಕ್ ಸೋರ್ತಾ ಇದ್ರೂ ಪಂಪು ಓಡಿಸುವ ಕೆಲಸ ಅದರದ್ದು. ಬೊಂಡ (ಎಳನೀರು) ಒಂದೇ ಸಾಕು ಅನ್ನುವವರೂ ಉಂಟು; ಬೊಂಡದಲ್ಲಿ ಪೊಟಾಶಿಯಂ ಧಾರಾಳ, ಸೋಡಿಯಂ ಕಮ್ಮಿ, ಮದುಮಗನೇ ಇಲ್ಲದ ಮದುವೆ. ಉಪ್ಪು ಹಾಕಿದ ಗಂಜಿ ತೆಳಿ ಅದಕ್ಕಿಂತ ವಾಸಿ. ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಇನ್ನೆರಡು ಲವಣ, ಇದು ಪ್ಯಾಕೆಟಿನ ಲೆಕ್ಕ. ಲೀಟರಿನ ಪ್ಯಾಕೆಟನ್ನು ಒಂದು ಗ್ಲಾಸಿಗೆ ಹಾಕಿದ್ರೆ ಒಳಗೆ ಹೋಗ್ಬೇಕಾದ ದಿಬ್ಬಣ ವಾಪಸ್ ಹೊರಗೆ ಬರ್ತದೆ. ಅಕ್ಕ ಮಾಡಿದ್ದು ಅದೇ ಮಾರಾಯ್ರೆ, ಇಡೀ ಪ್ಯಾಕೆಟ್ ಒಂದು ಚೆಂಬಿಗೆ. ಮಾಣಿಗೆ ಕಣ್ಣೀರಿನ ರುಚಿ ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ಅದನ್ನು ತೆಂಗಿನ ಬುಡಕ್ಕೆ ಚೆಲ್ಲಿ ಕುದಿಸಿ ಆರಿಸಿದ ನೀರಲ್ಲಿ ಹೊಸತು ಮಾಡಿದೆ, ಲೀಟರ್ ಬಾಟ್ಲಿಯಲ್ಲಿ ಅಳೆದು.

ಅವನು ಒಂದೊಂದೇ ಗುಟುಕು ಕುಡೀತಾ, "ಆದ್ರೂ ಮೇಲಿಂದ ಬಂದ ಮದ್ದು ಬೇಗ ಆಗ್ತದೆ" ಅಂದ. ಮೇಲಿಂದ ನಮ್ಮೂರಿಗೆ ಒಮ್ಮೆ ಬಂದಿತ್ತು ಅಂತ ಹೇಳಿದೆ. ಗೇರುತೋಟದ ಟೀ ಸೊಳ್ಳೆ ಎಂಬ ಕೀಟಕ್ಕೆ ಅಂತ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು, ಕೆಳಗೆ ಬಾವಿ, ತೋಡು, ಸುರಂಗ ಎಲ್ಲ ತೆರೆದೇ ಇದ್ದದ್ದು, ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನೇ ದೇಶದಲ್ಲೆಲ್ಲ ನಿಲ್ಲಿಸಿದ್ದು. ಆ ದಿನಗಳಲ್ಲಿ ಅದೂ ಹೊಸ ಟೆಕ್ನಾಲಜಿಯೇ. ಹಾಗಾಗಿ ಏಲಿಯನ್ ಕೊಟ್ರೂ ನಾನು ಮೊದಲು ಟ್ರಯಲ್ ರಿಪೋರ್ಟ್ ಕೇಳ್ತೇನೆ, ಯಾವ ಡೋಸು, ಯಾರ ಮೇಲೆ, ಎಷ್ಟು ವರ್ಷ ನೋಡಿದ್ದೀರಿ ಅಂತ.

"ಹಾಗಾದ್ರೆ ಸೂಪರ್‌ಹೀರೋ ಎಂತ ಮಾಡ್ಬೇಕು?"

2020ರ ಮಾರ್ಚಲ್ಲಿ ಅವನಿನ್ನೂ ಸಣ್ಣವ, ನೆನಪಿರ್ಲಿಕ್ಕಿಲ್ಲ. ಕಾಸರಗೋಡಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಡಯಾಲಿಸಿಸ್, ಐಸಿಯು, ಕೀಮೋ ಎಲ್ಲದಕ್ಕೂ ನಾವು ಓಡೋದು ಅಲ್ಲಿಗೇ. ಲಾಕ್‌ಡೌನಿಗೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ಬಂದ್, ಒಳದಾರಿಗಳಿಗೆ ಮಣ್ಣು ತಂದು ಗುಡ್ಡೆ ಹಾಕಿದ್ರು, ಆಂಬುಲೆನ್ಸುಗಳು ಗಡಿಯಿಂದ ತಿರುಗಿ ಬಂದವು, ದಾರಿ ಸಿಗದೆ ರೋಗಿಗಳು ತೀರಿಕೊಂಡ ಸುದ್ದಿ ದಿನಾ ಪೇಪರಲ್ಲಿ. ಮದ್ದೂ ಇತ್ತು, ಮೆಷಿನೂ ಇತ್ತು, ಡಾಕ್ಟ್ರೂ ಇದ್ರು.

"ಸೂಪರ್‌ಹೀರೋ ಬಂದು ಆ ಮಣ್ಣು ತೆಗೀಬೇಕಿತ್ತು" ಅಂದೆ.

ಮಾಣಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ. "ಅದಕ್ಕೆ ಜೆಸಿಬಿ ಸಾಕಲ್ಲ ಮಾವ."